‘ಒಲ್ಲೆ’ ಎಂಬ ಭಿಕ್ಷೆ

ಕವಳಿಪೇಟೆಯ ಹತ್ತಿ ಪ್ರೆಸ್ಸಿನ ಹಿಂಗೋಡೆಗೆ ಅಂಟಿಕೊಂಡಂತೆ ಒಂದು ಬೇವಿನ ಗಿಡವಿತ್ತು. ಅದರ ಬುಡದಲ್ಲಿ ಹರಿದ ಗೋಣಿಚೀಲಗಳ ರಾಶಿ. ಆ ರಾಶಿಗೆ ಬೆನ್ನು ಕೊಟ್ಟು, ತೊಡೆಯ ಮೇಲೊಂದು ಚೀಲ ಹರವಿಕೊಂಡು, ದಬ್ಬಣಕ್ಕೆ ಸುತಳಿ ಪೋಣಿಸಿ ಹೊಲಿಯುತ್ತ ಕುಳಿತಿರುತ್ತಿದ್ದವರೇ ಪೂಜ್ಯ ನಿರ್ವಾಣಪ್ಪಜ್ಜನವರು. ಆ ಹೆಸರು ಬಲ್ಲವರು ಊರಲ್ಲಿ ಕಡಿಮೆ. ಒಲ್ಲೆಜ್ಜನವರು ಎಂದರೆ ಮಾತ್ರ ಸಂತೆಗೆ ಬಂದ ಪರವೂರಿನವರೂ ಕೈಯೆತ್ತಿ ಗಿಡದ ಕಡೆ ತೋರಿಸುತ್ತಿದ್ದರು.

ಆ ಹೆಸರು ಅವರೇ ಸಂಪಾದಿಸಿಕೊಂಡದ್ದು. ಪ್ರಾಯದಲ್ಲಿ ಅವರು ದೊಡ್ಡದೊಂದು ಮಠದ ಮರಿಸ್ವಾಮಿಗಳಾಗಿದ್ದರು. ಗುರುಗಳು ಲಿಂಗೈಕ್ಯರಾದ ಮೇಲೆ ಭಕ್ತರು ಬೆಳ್ಳಿಯ ಪಾದುಕೆ, ಜರಿಯ ಶಾಲು, ಪಲ್ಲಕ್ಕಿ ಎಲ್ಲ ಸಜ್ಜು ಮಾಡಿ ಮುಂದೆ ತಂದು ನಿಲ್ಲಿಸಿದರು. ಅಜ್ಜನವರು ಪಲ್ಲಕ್ಕಿಯನ್ನೂ ನೋಡಿದರು, ಅದನ್ನು ಹೊರಲು ನಿಂತಿದ್ದವರ ಹೆಗಲನ್ನೂ ನೋಡಿದರು. “ಒಲ್ಲೆ” ಎಂದರು. ಇದು ನಿಮ್ಮ ಇಚ್ಛೆಯ ಮಾತಲ್ಲ ಬುದ್ಧಿ, ಸಂಪ್ರದಾಯ ಎಂದರು ಹಿರಿಯರು. “ಹಂಗಾದ್ರ ಸಂಪ್ರದಾಯಾನೂ ಒಲ್ಲೆ” ಎಂದವರೇ ಉಟ್ಟ ಬಟ್ಟೆಯಲ್ಲಿ ಹೊರಬಿದ್ದು, ನಾಡು ಸುತ್ತಿ, ಕೊನೆಗೆ ಈ ಪ್ರೆಸ್ಸಿನಲ್ಲಿ ಹೊರೆ ಹೊರುವ ಹಮಾಲರ ನಡುವೆ ಬಂದು ಕುಳಿತರು. ಆಮೇಲೂ ಶಾಲು ಹೊದಿಸಲು ಬಂದವರಿಗೆ, ಹೆಸರಿನ ಹಿಂದೆ ಬಿರುದು ಹಚ್ಚಲು ಬಂದವರಿಗೆ ಅದೊಂದೇ ಉತ್ತರ. ಯಾರಾದರೂ ತಾಯಿ ಹೋಳಿಗೆ ಮಾಡಿ ತಂದರೆ ಮಾತ್ರ ಎರಡೂ ಕೈ ಚಾಚುತ್ತಿದ್ದರು. “ಹೋಳಿಗಿಗೆ ಯಾಕ ಒಲ್ಲೆ ಅನ್ಲವಾ, ಅದೇನ್ ನನ್ನ ಮ್ಯಾಲೆ ಅಧಿಕಾರ ಮಾಡತೈತೇನು?” ಎಂದು ನಗುತ್ತಿದ್ದರು.

ಅದೇ ಪ್ರೆಸ್ಸಿನಲ್ಲಿ ಯಮನೂರಪ್ಪ ಎಂಬವನು ಹಮಾಲರ ಮುಕಾದಮನಾಗಿದ್ದ. ಮುಕಾದಮ ಎಂದರೆ ಹಮಾಲರ ಗುಂಪಿಗೆ ಮುಂದಾಳು. ಸಾವ್ಕಾರರ ಮಾತು ಇವನ ಬಾಯಿಂದಲೇ ಹಮಾಲರಿಗೆ ಮುಟ್ಟಬೇಕು. ಆಳು ಗಟ್ಟಿಗ, ದನಿ ಇನ್ನೂ ಗಟ್ಟಿ. ಅವನು ಕೆಮ್ಮಿದರೆ ಸಾಕು, ಬೀಡಿ ಸೇದುತ್ತಿದ್ದವರು ಎದ್ದು ನಿಲ್ಲುತ್ತಿದ್ದರು. ಹೊಸಬ ಯಾರಾದರೂ ಕೆಲಸ ಕೇಳಿ ಬಂದರೆ, ಎದುರು ಮಾತಾಡದೆ ಹೇಳಿದ್ದನ್ನು ಮಾಡುತ್ತಾನೋ ಇಲ್ಲವೋ ಅಷ್ಟೇ ನೋಡುತ್ತಿದ್ದ. ಇಂಥವನನ್ನು ಇನ್ನಷ್ಟು ತಿದ್ದಬೇಕೆಂದು ಪ್ರೆಸ್ಸಿನ ಗುರುಪಾದಪ್ಪ ಸಾವ್ಕಾರರು ಜಿಲ್ಲಾ ಕೇಂದ್ರದಲ್ಲಿ ನಡೆದ ನಾಯಕತ್ವದ ಶಿಬಿರಕ್ಕೆ ಕಳಿಸಿದ್ದರು. ಅಲ್ಲಿಂದ ಎದೆಗೊಂದು ಹಿತ್ತಾಳೆಯ ಬಿಲ್ಲೆ ಚುಚ್ಚಿಸಿಕೊಂಡು ಬಂದಿದ್ದ.

ಒಂದು ದಿನ ಮಧ್ಯಾಹ್ನದ ರೊಟ್ಟಿಯ ಹೊತ್ತು ಕಳೆದ ಮೇಲೆ ಈ ಯಮನೂರಪ್ಪ ಬೇವಿನ ಗಿಡದ ಕೆಳಗೆ ಬಂದು ಕುಳಿತ.

“ಅಜ್ಜಾರ, ನನಗೊಂದು ಮಂತ್ರ ಬೇಕ್ರಿ.”

“ಯಾತಕ್ಕಪಾ?” ಅಜ್ಜನವರು ಹೊಲಿಗೆಯಿಂದ ಕಣ್ಣೆತ್ತಲಿಲ್ಲ.

“ಮಂದಿ ನನ್ನ ಮಾತು ಮೀರಬಾರದ್ರಿ. ಅಂಥಾದ್ದು ಒಂದು ಕೊಡ್ರಿ.”

ವಿಷಯ ಹೀಗಿತ್ತು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳನ್ನು ಕಟ್ಟೆಯಿಂದ ಲಾರಿಗೆ ಉರುಳಿಸಿ ಏರಿಸಲು ಒಂದು ಉದ್ದನೆಯ ಹಲಗೆ ಇತ್ತು. ಹಿಂದಿನ ವಾರ ಅದು ನಡುವಿನಲ್ಲಿ ಮುರಿದು, ಅಂಡಿಗೆ ತಿರುಗಿ ಉರುಳಿ, ಕರಿಹನುಮ ಎಂಬ ಹಮಾಲನ ಕಾಲು ಅದರಡಿ ಸಿಕ್ಕಿತ್ತು. ಮೊಣಕಾಲಿನ ಕೆಳಗೆ ಎಲುಬು ಪುಡಿ. ಸಾವ್ಕಾರರು ಅದೇ ಹಲಗೆಗೆ ಕಬ್ಬಿಣದ ಪಟ್ಟಿ ಹೊಡೆಸಿ, ನಾಳೆ ಮುಂಜಾನೆ ಲಾರಿ ಬರುತ್ತವೆ, ಮಾಲು ಏರಲೇಬೇಕು, ಏರದಿದ್ದರೆ ಮುಕಾದಮಕಿ ಬೇರೆಯವನಿಗೆ ಎಂದು ಹೇಳಿಬಿಟ್ಟಿದ್ದರು. ಹಮಾಲರು ಏನೂ ಅನ್ನುತ್ತಿರಲಿಲ್ಲ. ಆದರೆ ಯಾರೊಬ್ಬರೂ ಯಮನೂರಪ್ಪನ ಮುಖ ನೋಡುತ್ತಿರಲಿಲ್ಲ.

“ಹಲಗಿ ಸೀಳಿದ್ದು ಆ ಕರಿಹನುಮಗ ಕಂಡಿತ್ತಂತ್ರಿ ಅಜ್ಜಾರ!” ಯಮನೂರಪ್ಪನ ಸಿಟ್ಟು ಈಗ ಹೊರಬಿತ್ತು. “ಬಾಯಿಬಿಟ್ಟು ಹೇಳಿದ್ರ ನಾ ಏನ್ ಅವನ್ನ ತಿಂತಿದ್ನ್ಯಾ? ಕೇಳಿದೆ ನಾನು, ‘ಏರಸೂಣೇನೋ’ ಅಂತ. ‘ಆಗಲಿರಿ’ ಅಂದ. ಅವನ ಬಾಯಿಂದನ ಅಂದ. ಈಗ ತಪ್ಪು ನಂದಂತ!”

“ಶಿಬಿರದಾಗ ಏನ್ ಕಲಿಸಿದ್ರು?”

ಯಮನೂರಪ್ಪ ಹುರುಪಿನಿಂದ ಎದ್ದುನಿಂತ. ಎದೆ ಉಬ್ಬಿಸಿ ನಿಲ್ಲುವುದು, ಎದುರಿನವನ ಕಣ್ಣಲ್ಲಿ ಕಣ್ಣಿಡುವುದು, ಮಾತು ಹೊಟ್ಟೆಯಿಂದ ತೆಗೆದು ಎಲ್ಲರಿಗೂ ಕೇಳುವಂತೆ ಆಡುವುದು, ಅನುಮಾನ ಬಂದರೂ ಮುಖದ ಮೇಲೆ ತೋರಿಸದಿರುವುದು, ಎಲ್ಲವನ್ನೂ ಮಾಡಿ ತೋರಿಸಿದ. ಗಿಡದ ಮೇಲಿನ ಕಾಗೆಯೊಂದು ಹಾರಿಹೋಯಿತು. ಅಜ್ಜನವರು ಆಟ ನೋಡಿದವರಂತೆ ಸಂತೋಷಪಟ್ಟರು.

“ಚಂದ ಐತಪಾ. ಎದಿದು ಕಲಿಸ್ಯಾರ, ಕಣ್ಣಿಂದು ಕಲಿಸ್ಯಾರ, ಬಾಯಿದಂತೂ ಪೂರಾ ಕಲಿಸ್ಯಾರ. ಕಿವಿದು?”

“ಕಿವಿದು ಏನಿಲ್ರಿ.”

ಅಜ್ಜನವರು ತೊಡೆಯ ಮೇಲಿದ್ದ ಗೋಣಿಚೀಲದ ಎರಡು ತುದಿಗೆ ಸುತಳಿ ಕಟ್ಟಿ, ಹೆಗಲಿಗೆ ಹಾಕುವ ಜೋಳಿಗೆ ಮಾಡಿ ಅವನ ಮುಂದೆ ಹಿಡಿದರು. “ಭಿಕ್ಷಾ ಬೇಡಿಕೊಂಡು ಬಾ. ನಿನ್ನ ಮಂದಿ ಹತ್ರಾನ ಬೇಡಬೇಕು. ಜ್ವಾಳ ಬ್ಯಾಡ, ಹಿಟ್ಟು ಬ್ಯಾಡ. ಒಂದು ‘ಒಲ್ಲೆ’ ತಗೊಂಬಾ.”

ಮಂತ್ರಕ್ಕೆ ಮುಂಚೆ ಇಂಥ ಸೇವೆ ಇರುತ್ತದೆಂದು ಯಮನೂರಪ್ಪ ಕೇಳಿದ್ದ. ಇದೇನು ಕಷ್ಟವೆಂದು ಜೋಳಿಗೆ ಹೆಗಲಿಗೇರಿಸಿ, ಹಮಾಲರು ಚಹಾ ಕುಡಿಯುತ್ತ ಕುಳಿತಿದ್ದ ಕಟ್ಟೆಗೆ ಹೋದ.

“ಏ, ಎಲ್ಲಾರೂ ಏಳ್ರಿ! ಈಗ ನಾ ಒಂದು ಕೆಲಸ ಹೇಳ್ತೀನಿ, ನೀವು ‘ಒಲ್ಲೆ’ ಅನ್ನಬೇಕು. ತಿಳೀತೇನು?”

“ತಿಳೀತ್ರಿ ಮುಕಾದಮರ.”

“ಆ ಅಂಡಿಗಿ ಎತ್ತರಿ!”

“ಒಲ್ಲೆವ್ರಿ!” ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿದರು. ಹಿಂದಿನ ಸಾಲಿನಲ್ಲಿ ಒಬ್ಬ, ಅಭ್ಯಾಸಬಲದಿಂದ, ಅಂಡಿಗೆಗೆ ಕೈಯನ್ನೂ ಹಚ್ಚಿಬಿಟ್ಟಿದ್ದ. “ಇನ್ನೊಮ್ಮೆ ಅನ್ಬೇಕೇನ್ರಿ?” ಎಂದು ವಯಸ್ಸಾದ ಗಿರಿಮಲ್ಲ ವಿನಯದಿಂದ ಕೇಳಿದ.

ಯಮನೂರಪ್ಪ ಓಡುತ್ತ ಗಿಡದ ಕೆಳಗೆ ಬಂದ. “ಒಂದು ಕೇಳಿದ್ರಿ, ಜೋಳಿಗಿ ತುಂಬ ತಂದೀನ್ರಿ.”

“ಇದರಾಗ ಒಂದೂ ಇಲ್ಲ,” ಎಂದರು ಅಜ್ಜನವರು. “ನೀ ‘ಅನ್ರಿ’ ಅಂದಿ, ಅವರು ಅಂದ್ರು. ಅದು ‘ಹೂಂ’ ಆತಲ್ಲೋ ತಮ್ಮಾ.” ದಬ್ಬಣವನ್ನು ಚೀಲದಲ್ಲಿ ಚುಚ್ಚಿ ಎಳೆಯುತ್ತ ಕೇಳಿದರು: “ಹೋಗದ ಮನಿ ಇನ್ನೊಂದು ಐತಲ್ಲ?”

ಯಮನೂರಪ್ಪ ತಲೆ ತಗ್ಗಿಸಿದ. ಕರಿಹನುಮನ ಮನೆಗೆ ಅವನು ಕಾಲಿಟ್ಟಿರಲಿಲ್ಲ. ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಹೋಗಿರಲಿಲ್ಲ.

ಸಂಜೆಯ ಹೊತ್ತಿಗೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋದ. ಬಾಗಿಲಲ್ಲಿ ಕರಿಹನುಮನ ಹೆಂಡತಿ ದ್ಯಾಮವ್ವ ನಿಂತಿದ್ದಳು. ಬಾಳೆಹಣ್ಣನ್ನೂ ನೋಡಿದಳು, ಎದೆಯ ಮೇಲಿನ ಬಿಲ್ಲೆಯನ್ನೂ ನೋಡಿದಳು.

“ಒಲ್ಲೆ. ನಿಮ್ಮ ಹಣ್ಣು ನನ್ನ ಮನಿಯಾಗ ಬ್ಯಾಡ್ರಿ.”

ಅಜ್ಜನವರು ಬೇಡಿದ್ದು ಸಿಕ್ಕಿತೆಂದು ಯಮನೂರಪ್ಪನ ಮನಸ್ಸು ಒಂದು ಗಳಿಗೆ ಕುಣಿಯಿತು. ಕುಣಿದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಒಳಗಿನಿಂದ ಕರಿಹನುಮ “ಬರ್ಲಿ ಬಿಡು” ಎಂದ. ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದ.

“ಹಲಗಿ ಸೀಳಿದ್ದು ಕಂಡಿತ್ತಂತಲ್ಲೋ ನಿನಗ. ‘ಆಗಲಿರಿ’ ಅಂತ ಯಾಕಂದಿ?” ಯಮನೂರಪ್ಪನ ದನಿಯಲ್ಲಿ ಶಿಬಿರದ ಗಡಸು ಇರಲಿಲ್ಲ.

ಕರಿಹನುಮ ಅವನನ್ನೇ ನೋಡಿದ. “ನಾ ಎಲ್ಲಿ ‘ಆಗಲಿರಿ’ ಅಂದೆ, ಮುಕಾದಮರ? ‘ಆಗಲ್ಲರಿ’ ಅಂದೆ.”

ಕರಿಹನುಮ ಬಾಯಿಗೆ ಅಡ್ಡಲಾಗಿ ಅಂಗೈ ಹಿಡಿದು ತೋರಿಸಿದ.

“ಹತ್ತಿ ಧೂಳಿಗೆ ಬಾಯಿಗೆ ವಸ್ತ್ರ ಕಟ್ಟಿದ್ದೆ. ಮಷೀನು ಒದರಾಕತ್ತಿತ್ತು. ನಾ ‘ಆಗಲ್ಲರಿ’ ಅನ್ನೂದಕ್ಕ ನೀವು ‘ಹೂಂ ನಡೀಲಿ’ ಅಂತ ಆ ಕಡೆ ಮುಖ ಹೊಳ್ಳಿಸಿದ್ರಿ.”

“ಇನ್ನೊಮ್ಮೆ ಹೇಳಬೇಕಿತ್ತಲ್ಲೋ ಹನುಮಾ!”

“ನಿಮಗ ಎರಡು ಸಲ ಹೇಳೋ ಪದ್ಧತಿ ನಮ್ಮಾಗ ಎಲ್ಲೈತ್ರಿ?”

ಆಗಲಿರಿ, ಆಗಲ್ಲರಿ. ಎರಡರ ನಡುವೆ ನಾಲಿಗೆ ಒಂದಿಷ್ಟು ಒತ್ತಿದರೆ ಆಗುವಷ್ಟು ಅಂತರ. ಕೇಳಲು ಸಿದ್ಧವಿದ್ದ ಕಿವಿಗೆ ಅದು ಹೊಲದ ಬದುವಿನಷ್ಟು ಎದ್ದು ಕಂಡೀತು. ಯಮನೂರಪ್ಪನ ಕಿವಿ ಮಾತ್ರ ವರ್ಷಗಟ್ಟಲೆ ‘ಆಗಲಿ’ ಒಂದನ್ನೇ ಉಂಡು ಬೆಳೆದದ್ದು. ಅವನು ಬಾಗಿಲಲ್ಲೇ ಕುಸಿದು ಕುಳಿತ. ದ್ಯಾಮವ್ವ ಹಣ್ಣು ಮುಟ್ಟಲಿಲ್ಲ. ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟಳು.

ಮರುದಿನ ಬೆಳಗಾದೊಡನೆ ಬರಿದಾದ ಜೋಳಿಗೆ ಹಿಡಿದು ಅಜ್ಜನವರ ಮುಂದೆ ನಿಂತ.

“ಸಿಕ್ತೇನು?”

“ಸಿಕ್ತ್ರಿ. ಅವ ಹ್ವಾದ ವಾರನ ನೀಡಿದ್ದ. ನಾನ ಚೆಲ್ಲಿಬಂದೆ.” ಜೋಳಿಗೆಯನ್ನು ಅಜ್ಜನವರ ಮುಂದಿಟ್ಟ. “ಈಗ ಏನ್ ಮಾಡ್ಲಿರಿ ಅಜ್ಜಾರ?”

ಅಜ್ಜನವರು ಆಗ ದಬ್ಬಣ ಕೆಳಗಿಟ್ಟು ಅವನನ್ನು ನೋಡಿದರು.

“ಮಂದಿ ನೀಡಿದ ಭಿಕ್ಷಾ ಜೋಳಿಗ್ಯಾಗ ಇಟ್ಕೊಂಡು ಕುಂದರೂದಲ್ಲೋ. ಮುಟ್ಟೂ ಕಡೆ ಮುಟ್ಟಿಸು.”

ಅಷ್ಟೇ. ಉಪದೇಶವೆಂದರೆ ಅದೇ.

ಅಂಗಳದಲ್ಲಿ ಲಾರಿಗಳು ಬಂದು ನಿಂತಿದ್ದವು. ಹಲಗೆ ಚಾಚಿಯಾಗಿತ್ತು. ನಡುವಿನಲ್ಲಿ ಹೊಸ ಕಬ್ಬಿಣದ ಪಟ್ಟಿ, ಅದರಡಿ ಹಳೆಯ ಸೀಳು. ಗುರುಪಾದಪ್ಪ ಸಾವ್ಕಾರರು ಕೊಡೆ ಊರಿಕೊಂಡು ಕಟ್ಟೆಯ ಮೇಲೆ ನಿಂತಿದ್ದರು. ಹಮಾಲರು ಅಂಡಿಗೆಗಳ ಪಕ್ಕ ನೆಲ ನೋಡುತ್ತ ನಿಂತಿದ್ದರು.

“ಏನ್ ಯಮನೂರಾ, ಏರಸ್ತೀರಿ ಹೌದಲ್ಲ?”

ಯಮನೂರಪ್ಪನ ನಾಲಿಗೆಯ ತುದಿಗೆ ‘ಆಗಲಿರಿ’ ತಾನಾಗಿ ಬಂದು ಕುಳಿತಿತ್ತು. ಹುಟ್ಟಿದಾಗಿನಿಂದ ಸಾವ್ಕಾರರಿಗೆ ಅವನು ಬೇರೆ ಮಾತು ಹೇಳಿದವನೇ ಅಲ್ಲ. ಅದನ್ನು ನುಂಗಿದ. ‘ಆಗಲ್ಲರಿ’ ಎನ್ನೋಣವೆಂದರೆ ಅದನ್ನು ಸಾವ್ಕಾರರ ಕಿವಿ ಯಾವ ಕಡೆಗೆ ತಿರುಚೀತೋ. ಆಗ ಅವನಿಗೆ ಗೋಡೆಯಾಚೆ ಕುಳಿತವರ ಹೆಸರಿನ ಬೆಲೆ ತಿಳಿಯಿತು. ಎಷ್ಟೇ ಗದ್ದಲವಿರಲಿ, ಎಂಥ ಕಿವಿಯೇ ಇರಲಿ, ‘ಹೂಂ’ ಎಂದು ಕೇಳಿಸಿಕೊಳ್ಳಲು ಬಾರದ ಮಾತು ಅದು.

“ಒಲ್ಲೆ,” ಎಂದ.

“ಏನಂದಿ?”

“ಒಲ್ಲೆ ಅಂದೆ, ಸಾವ್ಕಾರ್ರ. ಹೊಸಾ ಹಲಗಿ ಬರೂತನ ಒಂದು ಅಂಡಿಗಿನೂ ಏರಂಗಿಲ್ಲ.”

“ನಿನಗ ಕಲಿಸಾಕ ಕಳಿಸಿದ್ದು ಇದಕ್ಕೇನಲೇ?”

“ಅಲ್ಲಿ ಇದನ್ನ ಕಲಿಸ್ಲಿಲ್ರಿ.” ಎದೆಯ ಬಿಲ್ಲೆ ಬಿಚ್ಚಿ ಸಾವ್ಕಾರರ ಕಾಲಬಳಿ ಕಟ್ಟೆಯ ಮೇಲಿಟ್ಟ.

ಸಾವ್ಕಾರರ ಮುಖ ಕೆಂಪೇರಿತು. ಕೊಡೆಯನ್ನು ಗಿರಿಮಲ್ಲನ ಕಡೆ ಚಾಚಿದರು. “ಗಿರಿಮಲ್ಲಾ, ಇವತ್ತಿಂದ ನೀನ ಮುಕಾದಮ. ಏರಸು!”

ಗಿರಿಮಲ್ಲ ಹಲಗೆ ನೋಡಿದ. ಬರಿಗೈಯಲ್ಲಿ ನಿಂತಿದ್ದ ಯಮನೂರಪ್ಪನನ್ನು ನೋಡಿದ. ಬಾಯಿಗೆ ಕಟ್ಟಿದ್ದ ವಸ್ತ್ರವನ್ನು ಕೊರಳಿಗೆ ಇಳಿಸಿಕೊಂಡು, “ಒಲ್ಲೆ” ಎಂದ. ಸಾವ್ಕಾರರು ಅವನ ಪಕ್ಕದವನ ಕಡೆ ತಿರುಗಿದರು. ಅವನೂ ವಸ್ತ್ರ ಇಳಿಸಿದ. “ನಾನೂ ಒಲ್ಲೆ.” ಹಿಂದಿನ ದಿನ ಒಂದೇ ಉಸಿರಿಗೆ ಕೂಗಿದ್ದವರು ಈಗ ಒಬ್ಬೊಬ್ಬರಾಗಿ, ತಮ್ಮ ತಮ್ಮ ದನಿಯಲ್ಲಿ ಅಂದರು. ಒಬ್ಬನದು ನಡುಗುತ್ತಿತ್ತು. ಇನ್ನೊಬ್ಬ ಅತ್ತೇ ಬಿಟ್ಟ. ಯಾರೂ ಹೇಳಿಕೊಟ್ಟಿರಲಿಲ್ಲ.

ಸಾವ್ಕಾರರು ಕಾಲು ಅಪ್ಪಳಿಸುತ್ತ ಒಳಗೆ ಹೋದರು. ಯಮನೂರಪ್ಪ ಹಳೆಯ ರೂಢಿಯಂತೆ ಕೈಬೀಸಿ, “ಬರ್ರಿ, ಎಲ್ಲಾರೂ ಗೋದಾಮಿನ ನೆರಳಿಗೆ ಕುಂದರ್ರಿ” ಎಂದ.

“ಒಲ್ಲೆಪಾ,” ಎಂದ ಗಿರಿಮಲ್ಲ. “ಅಲ್ಲಿ ಬೆಂಕಿಯಂಥಾ ಸೆಕಿ. ಅಜ್ಜಾರ ಗಿಡದ ಕೆಳಗ ಕುಂದರೂಣು.”

ಎಲ್ಲರೂ ನಕ್ಕರು. ಯಮನೂರಪ್ಪ ಮಾತ್ರ ನಿಂತಲ್ಲೇ ಮುಖ ಮುಚ್ಚಿಕೊಂಡ. ಮುಕಾದಮನಾದ ಮೇಲೆ ಅವನ ಅಪ್ಪಣೆಗೆ ಎದುರಾಗಿ ಅವನ ಕಿವಿಗೆ ಬಿದ್ದ ಮೊದಲ ಮಾತು ಅದು. ಅದರಲ್ಲಿ ಹೆದರಿಕೆಯ ಒಂದು ಎಳೆಯೂ ಇರಲಿಲ್ಲ. ಬೆರಳ ಸಂದಿಯಿಂದ ಕಣ್ಣೀರು ಇಳಿಯಿತು.

ಬೇವಿನ ಗಿಡದ ಕೆಳಗೆ ಹೋಗಿ ಅಜ್ಜನವರ ಪಾದಕ್ಕೆ ಬೀಳಹೋದ. ಅಜ್ಜನವರು ಎರಡೂ ಪಾದಗಳನ್ನು ಗೋಣಿಚೀಲದೊಳಗೆ ಎಳೆದುಕೊಂಡರು.

“ಒಲ್ಲೆ. ಆ ಸುತಳಿ ಉಂಡಿ ಇತ್ತ ಕೊಡು.”

ಮಾಲು ಹೋಗಲೇಬೇಕಿತ್ತು, ಆದ್ದರಿಂದ ಹೊಸ ಹಲಗೆ ಬಂತು. ಹೊಸ ಮುಕಾದಮ ಸಿಗಲಿಲ್ಲ. ಸಾವ್ಕಾರರು ಯಾರನ್ನು ಕೇಳಿದರೂ ಅದೊಂದೇ ಮಾತು ಹೇಳುತ್ತಿದ್ದರು, ಆದ್ದರಿಂದ ಯಮನೂರಪ್ಪನೇ ಉಳಿದ. ಕೋಲು ಹಿಡಿದು ಓಡಾಡುವಂತಾದ ಮೇಲೆ ಕರಿಹನುಮನೂ ಬಂದ. ಹಲಗೆಯ ಬಳಿ ಕುಳಿತು ನೋಡುವುದು ಅವನ ಕೆಲಸ. ಅವನು ವಸ್ತ್ರ ಇಳಿಸಿ ‘ಹೂಂ’ ಎನ್ನದೆ ಒಂದು ಅಂಡಿಗೆಯೂ ಕದಲುತ್ತಿರಲಿಲ್ಲ.

ಆಮೇಲೆ ಕೆಲಸ ಕೇಳಿ ಬಂದ ಹೊಸಬರಿಗೆ ಯಮನೂರಪ್ಪ ಅಂಗಳದ ಎಲ್ಲಕ್ಕಿಂತ ದೊಡ್ಡ ಅಂಡಿಗೆ ತೋರಿಸಿ, “ಹೋಗು, ಒಬ್ಬನ ಏರಿಸಿ ಬಾ” ಎನ್ನುತ್ತಿದ್ದ. ಕೆಲವರು ಪಾಪ, ಮರುಮಾತಿಲ್ಲದೆ ಹೋಗಿ ಭುಜ ಹಚ್ಚುತ್ತಿದ್ದರು. ಅಂಥವರನ್ನು ಅವನು ತಾನೇ ಹೋಗಿ ತಡೆದು, ನೀರು ಕುಡಿಸಿ, ಗೋಡೆಯಾಚೆ ಕಳಿಸುತ್ತಿದ್ದ. “ಅಜ್ಜಾರ ಹತ್ರ ನಾಕು ದಿನ ಚೀಲ ಹೊಲಿದು ಬಾ.” ಯಾರಾದರೂ ಅಂಡಿಗೆಯನ್ನೂ ಅವನನ್ನೂ ನೋಡಿ “ಒಲ್ಲೆ” ಎಂದರೆ, “ನಾಳಿಂದ ಬಾ” ಎನ್ನುತ್ತಿದ್ದ.

ಅಜ್ಜನವರು ದೇಹ ಬಿಟ್ಟು ಬಯಲಾದ ಮೇಲೆ ಊರ ಹಿರಿಯರು ಆ ಗಿಡದ ಬುಡದಲ್ಲೇ ಅಮೃತಶಿಲೆಯ ಗದ್ದುಗೆ ಕಟ್ಟಿಸುವುದೆಂದು ಸಭೆ ಸೇರಿದರು. ಮುಪ್ಪಾಗಿದ್ದ ಯಮನೂರಪ್ಪನನ್ನು ಮುಂದೆ ಕೂರಿಸಿ, ಈ ಕಾರ್ಯಕ್ಕೆ ನೀನೇ ಮುಂದಾಳಾಗಬೇಕು ಎಂದರು. ಅವನು ಎದ್ದುನಿಂತು ಸಭೆಗೆ ಕೈಮುಗಿದು, ತನ್ನ ಗುರುಗಳು ಕೊಟ್ಟ ಒಂದೇ ಪದದ ಮಂತ್ರವನ್ನು ಒಂದು ಸಲ, ಎಲ್ಲರಿಗೂ ಕೇಳುವಂತೆ ಹೇಳಿ ಹೊರಗೆ ನಡೆದ. ಬೇವಿನ ಗಿಡದ ಬುಡ ಇಂದಿಗೂ ಬಯಲಾಗಿಯೇ ಇದೆ. ಹಮಾಲರು ಅಲ್ಲಿ ಕುಳಿತು ರೊಟ್ಟಿ ಬಿಚ್ಚುತ್ತಾರೆ.