ಪಕ್ಕದ ಮೇಜಿನವರು ಮಾಡಿದಂತೆ

ಹ್ಞೂಂಗುಟ್ಟುವವರು ಹತ್ತಿರ ಸರಿದು ಕೂತುಕೊಳ್ಳಿ. ನಿದ್ದೆ ಬರುವವರು ಈಗಲೇ ಹೇಳಿಬಿಡಿ.

ಮೈಸೂರಿನಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಜವರಾಯಿ ಅಂತ ಒಬ್ಬನೇ ಮಗ. ಆಳು ಎತ್ತರ, ಗುಣ ಬಂಗಾರ, ಬುದ್ಧಿಯ ಮಾತು ಮಾತ್ರ ಎತ್ತಬೇಡಿ. ಹಾಲು ಉಕ್ಕೋದು ನೋಡ್ತಿರು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತ ನಿಂತವನು. ಮೂರು ಸಂಬಂಧ ಬಂದವು, ಮೂರೂ ಹೋದವು. ಇವನಿಗೊಂದು ಮದುವೆಯಾಗದಿದ್ದರೆ ನಾನು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು ಅಂತ ತಾಯಿಗೆ ಸಂಕಟ.

ನಾಲ್ಕನೆಯ ಸಂಬಂಧ ಬಂತು. ಹುಡುಗಿಯ ಹೆಸರು ಸೌಭಾಗ್ಯ. ಅವಳ ಸೋದರಮಾವ ಶಿವಮಲ್ಲು ಹಡಗಿನಲ್ಲಿ ಅಡುಗೆ ಮಾಡುತ್ತ ಗ್ರೀಸ್ ದೇಶ ಕಂಡು ಬಂದವನು. ಈಗ ಮೈಸೂರಲ್ಲೇ ಗ್ರೀಕ್ ಹೋಟೆಲು ಇಟ್ಟಿದ್ದಾನೆ. ನೀಲಿ ಬಾಗಿಲು, ಸುಣ್ಣದ ಗೋಡೆ, ಸೂರಿನಿಂದ ತಲೆಕೆಳಗಾಗಿ ತೂಗುವ ಕುರ್ಚಿಗಳು. ಅಲ್ಲಿ ಅಡುಗೆಯವಳು ಸೌಭಾಗ್ಯಳೇ.

"ಅವಳ ಕೈಯಡುಗೆ ಉಣ್ಣೋಕೆ ಬನ್ನಿ. ಅವಳು ಒಪ್ಪಿದ್ರೆ ಅಲ್ಲೇ ತಾಂಬೂಲ" ಅಂದ ಶಿವಮಲ್ಲು.

ಹೊರಡುವಾಗ ತಾಯಿ ಹೇಳಿದಳು: "ಲೇ ಮಗ, ಬಡಿಸಿದ್ರಲ್ಲಿ ಏನೂ ಬಿಡಬೇಡ ಕಣ್ಲಾ. ಬಿಟ್ರೆ ಅವರಿಗೆ ಅವಮಾನ."

"ಆಯ್ತು ಕಣವ್ವ."

ಮೊದಲು ಒಂದು ಬಟ್ಟಲು ಆಲಿವ್ ಬಂತು. ನೇರಳೆಹಣ್ಣಿನಂತೆ ಕಪ್ಪಗೆ, ಒಳಗೆ ಗಟ್ಟಿ ಬೀಜ. ಜವರಾಯಿ ಏನೂ ಬಿಡಲಿಲ್ಲ. ಹನ್ನೆರಡು ಕಾಯಿ, ಹನ್ನೆರಡು ಬೀಜ, ಎಲ್ಲ ಹೊಟ್ಟೆಗೆ.

"ಅಯ್ಯೋ ಪೆದ್ದ, ಒಳಗಿರೋದ ತೆಗೆದಿಟ್ಟು ಮೇಲಿನದ ತಿನ್ನಬೇಕು!"

"ಆಯ್ತು ಕಣವ್ವ."

ಆಮೇಲೆ ಬಂದದ್ದು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಸುರುಳಿಗಳು. ಸೌಭಾಗ್ಯ ಬೆಳಗಿನಿಂದ ಕೂತು ಸುತ್ತಿದ್ದಳು. ಜವರಾಯಿ ಒಂದನ್ನು ಬಿಚ್ಚಿ, ಒಳಗಿನ ಅನ್ನವನ್ನೆಲ್ಲ ಕೆರೆದು ಪಕ್ಕಕ್ಕಿಟ್ಟು, ಬರೀ ಎಲೆ ಅಗಿದ.

"ಸುತ್ತಿರೋದ ಬಿಚ್ಚಬಾರದು ಕಣ್ಲಾ. ಇಡಿಯಾಗಿ ಬಾಯಿಗೆ ಹಾಕ್ಕೋಬೇಕು."

"ಆಯ್ತು ಕಣವ್ವ."

ಉಳಿದ ಸುರುಳಿಗಳನ್ನು ಇಡಿಯಾಗಿ ನುಂಗಿದ. ತಾಯಿಗೆ ಉಸಿರು ಬಂತು. ಅಷ್ಟರಲ್ಲಿ ಬಿಸಿ ರೊಟ್ಟಿ ಬಂತು, ಆರದಿರಲಿ ಅಂತ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಜವರಾಯಿ ಬಿಚ್ಚಲಿಲ್ಲ. ಬಟ್ಟೆ ಸಮೇತ ಕಚ್ಚಿದ. ಎಳೆದ, ಜಗ್ಗಿದ, ಒಂದು ಮೂಲೆ ಹರಿದು ನುಂಗಿಯೂ ಬಿಟ್ಟ.

ನಿಂಗಾಜಮ್ಮನ ಕಣ್ಣಲ್ಲಿ ನೀರಾಡಿತು. "ನಿಂಗೆ ಯೋಳಿ ಯೋಳಿ ನನ್ನ ಬಾಯಿ ಒಣಗ್ತು. ಇನ್ನು ನೀನಾಗಿ ಏನೂ ಮಾಡಬೇಡ. ಪಕ್ಕದ ಮೇಜಿನೋರು ಏನು ಮಾಡ್ತಾರೋ ಅದನ್ನೇ ಮಾಡು."

"ಆಯ್ತು ಕಣವ್ವ."

ಪಕ್ಕದ ಮೇಜಿನಲ್ಲಿ ಒಬ್ಬ ಕನ್ನಡಕದ ಯಜಮಾನರು, ಅವರ ಹೆಂಡತಿ, ಒಬ್ಬ ಅಜ್ಜಿ. ದೂರದೂರಲ್ಲಿ ಓದುತ್ತಿದ್ದ ಮಗಳು ಪರೀಕ್ಷೆ ಪಾಸಾದ ಖುಷಿಗೆ ಬಂದಿದ್ದರು. ಆ ಹೋಟೆಲಿನಲ್ಲಿ ಒಂದು ಪದ್ಧತಿ, ಸಂತೋಷ ಆದವರು ಒಂದು ತಟ್ಟೆ ನೆಲಕ್ಕೆ ಹಾಕಿ ಒಡೆಯಬೇಕು. ಯಜಮಾನರು ಎದ್ದು ತಟ್ಟೆ ಒಡೆದರು. ಜವರಾಯಿಯೂ ಎದ್ದು ತಟ್ಟೆ ಒಡೆದ. ಹೆಣ್ಣು ನೋಡಲು ಬಂದ ಕಡೆ ತಟ್ಟೆ ಒಡೆಯುವುದೇ? ಈ ಸಂಬಂಧವೂ ಹೋಯಿತು ಅಂತ ತಾಯಿ ತಲೆ ಮೇಲೆ ಕೈ ಹೊತ್ತಳು.

ಆದರೆ ಶಿವಮಲ್ಲು ನಗುತ್ತ ಬಂದ. "ಹುಡುಗನಿಗೆ ಸಂತೋಷ ಆಗಿದೆ ಅಂತ ಕಾಣ್ತದೆ. ನಿಂಗೆ ಹೆಂಗವ್ವ?" ಅಂತ ಅಡುಗೆಮನೆಯ ಕಡೆ ಕೂಗಿದ.

ಅಡುಗೆಮನೆಯ ಕಿಂಡಿಯಿಂದ ಎಲ್ಲ ನೋಡಿದ್ದ ಸೌಭಾಗ್ಯ ಹೊರಗೆ ಬಂದಳು. "ಬೀಜ ಬಿಡಲಿಲ್ಲ, ಬಟ್ಟೆನೂ ಬಿಡಲಿಲ್ಲ. ನನ್ನ ಅಡುಗೆನ ಇಷ್ಟು ನಂಬಿದೋರ ನಾನು ಕಂಡೇ ಇಲ್ಲ. ಒಪ್ಪಿಗೆ ಮಾವ."

ಶಿವಮಲ್ಲು ಎಲೆ ಅಡಿಕೆ, ತೆಂಗಿನಕಾಯಿ ಜೋಡಿಸಿ ತಂದ. ತಂದು ನೋಡಿದರೆ ಜವರಾಯಿಯ ಕುರ್ಚಿ ಖಾಲಿ. ಪಕ್ಕದ ಮೇಜೂ ಖಾಲಿ.

ಎಲ್ಲರೂ ಬೀದಿಗೆ ಓಡಿದರು. ಪಕ್ಕದ ಮೇಜಿನವರ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಬೆಲ್ಟು ಕಟ್ಟಿಕೊಂಡು ಜವರಾಯಿ ಕೂತಿದ್ದ. ಅಜ್ಜಿ ಗಾಬರಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತಿತ್ತು.

"ಇಳೀಲಾ ಕೆಳಕ್ಕೆ."

"ಅವರು ಇಳಿದಿಲ್ವಲ್ಲವ್ವ."

ಯಜಮಾನರು ಇಳಿದರು, ಇವನೂ ಇಳಿದ. ಶಿವಮಲ್ಲು ತಾಂಬೂಲ ಚಾಚಿದ. ಯಜಮಾನರು ಕೈಕಟ್ಟಿ ನಿಂತಿದ್ದರು, ಇವನೂ ಕೈಕಟ್ಟಿ ನಿಂತ. ನಿಂಗಾಜಮ್ಮ ಕೈಮುಗಿದಳು: "ಸ್ವಾಮಿ, ಒಂದು ಸಲ ಎರಡೂ ಕೈ ಒಡ್ಡಿ, ನಿಮ್ಮ ಧರ್ಮ." ಅವರು ಒಡ್ಡಿದರು, ಇವನೂ ಒಡ್ಡಿದ. ಹೀಗೆ ತಾಂಬೂಲ ಆಯಿತು.

ಸದ್ಯ ಬಿಟ್ಟರಲ್ಲ ಅಂತ ಯಜಮಾನರು "ಬರ್ತೀವಮ್ಮ" ಅಂದು ಕಾರು ಹತ್ತಿ, ಹಿಂದೆ ತಿರುಗಿಯೂ ನೋಡದೆ ಹೊರಟುಬಿಟ್ಟರು. ಜವರಾಯಿಯೂ "ಬರ್ತೀವವ್ವ" ಅಂದಿದ್ದ, ಅಜ್ಜಿಯ ಪಕ್ಕ ಹತ್ತಿದ್ದ. ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೇ ಹೋದ.

ನಿಂಗಾಜಮ್ಮ ಬೀದಿಯಲ್ಲೇ ಕುಸಿದು ಕೂತಳು. ಸೌಭಾಗ್ಯ ಪಕ್ಕದಲ್ಲಿ ಬಂದು ಕೂತಳು.

"ಎಲ್ಲೂ ಹೋಗಲ್ಲ ಬಿಡಿ ಅತ್ತೆ. ಅವರು ಮನೇಲಿ ಇಳಿದಾಗ ಇವರೂ ಇಳೀತಾರೆ. ನಮ್ಮ ಹೋಟೆಲಿಗೆ ಯಾವಾಗ್ಲೂ ಬರೋರು, ಮನೆ ನಂಗೆ ಗೊತ್ತು. ನಾವು ಹೋಗಿ ಕರ್ಕೊಂಡು ಬರಾಣ ನಡೀರಿ."

ಅವಳು 'ನಾವು' ಅಂದಳಲ್ಲ, ಅದನ್ನು ಕೇಳಿ ನಿಂಗಾಜಮ್ಮ ಕಣ್ಣೊರೆಸಿಕೊಂಡು ಎದ್ದಳು.