ಕೆತ್ತದೆ ಬಿಟ್ಟ ಪದ

ಅರಮನೆಯಲ್ಲಿ ಬರಹಗಾರನ ಕೆಲಸಕ್ಕೆ ಹೊರಟು ನಿಂತ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಅನ್ನ ಕೊಡುವ ಒಡೆಯನ ಮಾತನ್ನು ಮೀರಬಹುದೇ?”

ಗುರುಗಳು ಹೇಳಿದರು:

ಒಂದು ರಾಜ್ಯದ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುವವನೊಬ್ಬನಿದ್ದ. ಹದಿನಾರನೆಯ ವಯಸ್ಸಿಗೆ ಉಳಿ ಹಿಡಿದವನು ಮೂವರು ರಾಜರ ಮುಖ ಕೆತ್ತಿದ್ದ. ಅಚ್ಚಿನಲ್ಲಿ ಅಕ್ಷರಗಳನ್ನು ತಿರುಗಿಸಿ ಕೆತ್ತಬೇಕು. ಆಗಲೇ ನಾಣ್ಯದ ಮೇಲೆ ಸರಿಯಾಗಿ ಮೂಡುತ್ತವೆ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮೂರನೆಯ ರಾಜ ನೆರೆಯ ಕೋಟೆಯ ಮೇಲೆ ದಂಡೆತ್ತಿ ಹೋಗಿ ಸೋತು ಬಂದ. ಹೋದವರಲ್ಲಿ ಅರ್ಧ ಜನ ಮರಳಲಿಲ್ಲ. ಕೆತ್ತುವವನ ಬೀದಿಯಲ್ಲೇ ಏಳು ಮನೆಗಳಲ್ಲಿ ಸೂತಕ. ಆದರೂ ರಾಜ, ತನ್ನ ಮುಖದ ಕೆಳಗೆ ‘ವಿಜಯಿ’ ಎಂದು ಬರೆಸಿ ಹೊಸ ತಾಮ್ರದ ನಾಣ್ಯ ಹಾಕಿಸಲು ಅಪ್ಪಣೆ ಮಾಡಿದ.

ಕೆತ್ತುವವನು ಮುಖವನ್ನು ಕೆತ್ತಿ ಮುಗಿಸಿದ. ಪದದ ಜಾಗಕ್ಕೆ ಬಂದಾಗ ಕೈ ಏಳಲಿಲ್ಲ. ಅದನ್ನು ಖಾಲಿ ಬಿಟ್ಟು ಅಚ್ಚನ್ನು ಟಂಕಸಾಲೆಯ ಅಧಿಕಾರಿಯ ಮುಂದಿಟ್ಟ.

ಅಧಿಕಾರಿ ನಕ್ಕ. “ಜೀವಮಾನವಿಡೀ ಉಲ್ಟಾ ಕೆತ್ತಿದವನು ನೀನು. ಇದೊಂದು ಉಲ್ಟಾ ಮಾತು ನಿನಗೆ ಭಾರವಾಯಿತೇ?”

“ಜನ ನೆಟ್ಟಗೆ ಓದಲಿ ಎಂದು ಉಲ್ಟಾ ಕೆತ್ತಿದೆ, ಸ್ವಾಮಿ. ಗಂಡನನ್ನು ಆ ಕೋಟೆಯಲ್ಲಿ ಕಳೆದುಕೊಂಡವಳು ಈ ನಾಣ್ಯ ಕೊಟ್ಟು ಉಪ್ಪು ತರಬೇಕು. ಅವಳ ಅಂಗೈ ಮೇಲೆ ಈ ಪದವನ್ನು ನಾನು ಇಡಲಾರೆ.”

ಅವನ ಉಳಿಗಳನ್ನು ಕಿತ್ತುಕೊಂಡರು. ಟಂಕಸಾಲೆ ಕೊಟ್ಟಿದ್ದ ಮನೆ ಬಿಡಿಸಿದರು. ಅವನಿಗೆ ಯಾರೂ ಲೋಹದ ಕೆಲಸ ಕೊಡಕೂಡದೆಂದು ಡಂಗುರ ಸಾರಿಸಿದರು. ಆದರೂ ಅವನು ಅರಮನೆಯ ಕಡೆಗೆ ತಿರುಗಲಿಲ್ಲ. ಹೆಂಡತಿಯೊಂದಿಗೆ ಊರಾಚೆ ಗುಡಿಸಲು ಹಾಕಿದ. ಮನೆಮನೆಗೆ ಹೋಗಿ ಸವೆದು ನುಣುಪಾದ ಬೀಸುಕಲ್ಲುಗಳಿಗೆ ಕಚ್ಚು ಹಾಕಿ ಒರಟು ಮಾಡಿಕೊಟ್ಟು ಹೊಟ್ಟೆ ಹೊರೆದ.

ಆ ಪದವನ್ನು ಇನ್ನೊಬ್ಬ ಕೆತ್ತಿದ. ಅಕ್ಷರಗಳು ಸೊಟ್ಟಗೆ ಮೂಡಿದವು. ವರ್ಷ ಕಳೆದ ಮೇಲೆ ಅಧಿಕಾರಿಯೇ ಮೊದಲಿನ ಕೆತ್ತುವವನನ್ನು ಹುಡುಕಿಕೊಂಡು ಬಂದ. ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ಮನೆಯೂ ಕೆಲಸವೂ ಮರಳಿ ಸಿಗುತ್ತವೆ ಎಂದ.

ಅವನು ಕಲ್ಲಿನಿಂದ ಕಣ್ಣೆತ್ತಲಿಲ್ಲ. “ಆ ಪದ ತೆಗೆಸಿದ ದಿನ ಹೇಳಿ ಕಳಿಸಿ. ಕೂಲಿಯಿಲ್ಲದೆ ಬಂದು ಕೆತ್ತುತ್ತೇನೆ.”

ಯಾರೂ ಹೇಳಿ ಕಳಿಸಲಿಲ್ಲ. ಅವನು ಬೀಸುಕಲ್ಲಿನ ಕೆಲಸದಲ್ಲೇ ಮುದುಕನಾದ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಅಷ್ಟೆಲ್ಲ ಕಳೆದುಕೊಂಡನಲ್ಲ, ಗುರುಗಳೇ! ಕೊನೆಗೂ ಆ ನಾಣ್ಯ ಬಂದೇ ಬಂತಲ್ಲ!”

ಗುರುಗಳು ಹೇಳಿದರು: “ಬಂತು. ಅವನ ಕೈಯಿಂದ ಬರಲಿಲ್ಲ.”