ಹೆಗಲು ಬಂಡೆ

ಸುಂಡೆಕೊಪ್ಪಲಿನ ಶಿಲುಬೆ ಗುಡ್ಡವನ್ನು ಹಿಂಬದಿಯ ಹಾದಿಯಿಂದ ಹತ್ತುವವರಿಗೆ ಮುಕ್ಕಾಲು ದಾರಿ ಸವೆದ ಮೇಲೆ, ತಿರುವಿನಲ್ಲಿ, ಎತ್ತು ಮಲಗಿದಂತಹ ಒಂದು ಕರಿಬಂಡೆ ಸಿಗುತ್ತದೆ. ಎಣ್ಣೆ ಕುಡಿದು ಕುಡಿದು ಅದರ ಬೆನ್ನು ಮಿರಮಿರ ಮಿಂಚುತ್ತದೆ. ಅಲ್ಲಿಯವರೆಗಿನ ಹಾದಿ ಕಾರೆಮುಳ್ಳಿನ ಪೊದೆಗಳಲ್ಲಿ ಮುಚ್ಚಿಹೋಗಿದೆ. ಬಂಡೆ ದಾಟಿದೊಡನೆ ಗುಡ್ಡದ ನೆತ್ತಿಯಲ್ಲಿ ನಿಂತವರೆಲ್ಲರ ಕಣ್ಣಿಗೆ ಬೀಳುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಪಟೇಲ ಅರುಳಪ್ಪನ ಭಕ್ತಿ ಶುರುವಾಗುತ್ತಿದ್ದದ್ದು ಈ ತಿರುವಿನಿಂದಲೇ.

ಹಿಂದೆ, ಗುಡ್ಡಕ್ಕೆ ಇನ್ನೂ ಯಾವ ಹೆಸರೂ ಇಲ್ಲದ ಕಾಲದಲ್ಲಿ, ಪ್ರತಿ ಶುಭ ಶುಕ್ರವಾರದಂದು ಊರಿನ ಒಬ್ಬನು ಮರದ ದೊಡ್ಡ ಶಿಲುಬೆಯನ್ನು ಹೊತ್ತು ಈ ಹಾದಿಯಲ್ಲಿ ಏರಬೇಕಿತ್ತು ಎನ್ನುತ್ತಾರೆ. ಅವನ ಜೊತೆ ಯಾರೂ ಹೋಗುವಂತಿರಲಿಲ್ಲ. ಪ್ರಭುವಿನ ಸೇವೆ ನಾಲ್ಕು ಜನರಿಗೆ ತೋರಿಸಲು ಅಲ್ಲವೆಂದು ಹಿರಿಯರು ಮಾಡಿದ ಕಟ್ಟಳೆ ಅದು. ಉಳಿದವರು ಮುಂಬದಿಯಿಂದ ಹತ್ತಿ ನೆತ್ತಿಯ ಮೇಲೆ ಕಾಯುತ್ತಿದ್ದರು. ಈ ಕಟ್ಟಳೆ ಅರುಳಪ್ಪನಿಗೆ ಹೇಳಿ ಮಾಡಿಸಿದಂತಿತ್ತು. ವರ್ಷ ವರ್ಷವೂ ಶಿಲುಬೆ ತನಗೇ ಬೇಕೆಂದು ಹಟ ಹಿಡಿದು ಪಡೆಯುತ್ತಿದ್ದ. ಹೊರುತ್ತಿದ್ದವನು ಮಾತ್ರ ಅವನ ಹಟ್ಟಿಯ ಆಳು ಇನ್ನಾಸಿ. ಪಟೇಲನು ಛತ್ರಿ ಹಿಡಿದು ಹಿಂದೆ ನಡೆಯುತ್ತ, ಬಂಡೆಯ ಮರೆಯಲ್ಲಿ ಛತ್ರಿ ಮಡಚಿಟ್ಟು, ಶಿಲುಬೆಯನ್ನು ತನ್ನ ಹೆಗಲಿಗೆ ಬದಲಿಸಿಕೊಂಡು, ಅಲ್ಲಿಂದ ನರಳುತ್ತ, ಮುಗ್ಗರಿಸುತ್ತ ಏರುತ್ತಿದ್ದ. ಆ ನರಳಾಟಕ್ಕೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ತೆಳುವಾದ ಬಿಳಿ ಅಂಗಿಯೊಳಗಿನಿಂದ ಕೆಂಪಗೆ ಕಾಣಲೆಂದು ಹೆಂಡತಿಯಿಂದ ಹೆಗಲಿಗೆ ಕೆಮ್ಮಣ್ಣು ಬಳಿಸಿಕೊಂಡು ಬರುತ್ತಿದ್ದನೆಂದರೆ, ಆ ಮಹಾನುಭಾವನ ಶ್ರದ್ಧೆಯನ್ನು ಮೆಚ್ಚಲೇಬೇಕು. ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ, "ನಾನೇನು, ನಿಮ್ಮ ಕಾಲ ಧೂಳು" ಎನ್ನುತ್ತಿದ್ದ. ಅದನ್ನು ಹೇಳುವಾಗ ಓರೆಗಣ್ಣಿನಿಂದ ಎಷ್ಟು ಜನ ಕೇಳಿಸಿಕೊಂಡರೆಂದು ನೋಡಿಕೊಳ್ಳುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ: ತಾನು ಕಣ್ಣುಮುಚ್ಚುವುದರೊಳಗೆ ಇದು 'ಅರುಳಪ್ಪನ ಗುಡ್ಡ' ಆಗಬೇಕು. ಊರ ಹಿರಿಯರ ಕಿವಿಗೆ ಅದನ್ನು ಹಾಕಿ ಹಾಕಿ, ಕಡೆಗೊಂದು ವರ್ಷ ಒಪ್ಪಿಸಿಯೂ ಬಿಟ್ಟ. ಆ ಶುಕ್ರವಾರ ಶಿಲುಬೆ ಮೇಲೆ ಬಂದೊಡನೆ ಹೆಸರು ಸಾರುವುದೆಂದು ನಿಶ್ಚಯವಾಯಿತು.

ಆ ದಿನ ಪೊದೆಗಳ ನಡುವೆ ಇನ್ನಾಸಿಯ ಕಾಲು ಜಾರಿತು. ಶಿಲುಬೆಯ ಅಂಚು ಹೆಗಲನ್ನು ಸೀಳಿತು. ಅವನು ತುಟಿ ಬಿಚ್ಚದೆ ಬಂಡೆಯವರೆಗೂ ಹೊತ್ತು ತಂದು, ಒಡೆಯನಿಗೆ ಒಪ್ಪಿಸಿ, ಎಂದಿನಂತೆ ಮರೆಯಲ್ಲಿ ಕುಳಿತ. ನೆತ್ತಿಯ ಮೇಲೆ ಶಿಲುಬೆ ಇಳಿಸಿದಾಗ ಮರಕ್ಕೆ ಮೆತ್ತಿದ್ದ ಹಸಿ ರಕ್ತ ಕಂಡು ಜನ ದಂಗಾದರು. ಚರ್ಚಿನ ಸ್ವಾಮಿಗಳೇ ಮಂಡಿಯೂರಿ ಆ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅರುಳಪ್ಪನೂ ಅದನ್ನು ಕಂಡದ್ದು ಆಗಲೇ. ಮರುಗಳಿಗೆಯೇ ಆ ರಕ್ತವೂ ತನ್ನದೇ ಎಂಬಂತೆ ಕಣ್ಣು ಮುಚ್ಚಿ ನಿಂತ. ಸೂಲಗಿತ್ತಿ ಜ್ಞಾನಮ್ಮ ಎಣ್ಣೆ ಬಟ್ಟಲು ಹಿಡಿದು ಮುಂದೆ ಬಂದಳು.

"ಅಂಗಿ ಬುಚ್ಚಿ ಪಟೇಲ್ರೇ, ಎಣ್ಣೆ ಹಚ್ತೀನಿ."

"ಬ್ಯಾಡ ಕಣವ್ವ. ನಾನೇನು, ನಿಮ್ಮ ಕಾಲ ಧೂಳು."

ಎಂದಿನ ಮಾತೇ ಈಗ ಅವನ ಕುತ್ತಿಗೆಗೆ ಬಂತು. ಬೇಡವೆಂದಷ್ಟೂ ಜನಕ್ಕೆ ಭಕ್ತಿ ಉಕ್ಕಿತು. ನಾಲ್ವರು ಸೇರಿ ಪ್ರೀತಿಯಿಂದಲೇ ಅಂಗಿ ಕಳಚಿದರು. ಜ್ಞಾನಮ್ಮ ಎಣ್ಣೆ ಸವರಿದಳು. ಗಾಯವೆಲ್ಲ ಅವಳ ಅಂಗೈಗೆ ಬಂತು. ಕೆಳಗೆ ಬೆಣ್ಣೆಯಂತಹ ನುಣ್ಣನೆಯ ಹೆಗಲು ಉಳಿಯಿತು. ಅವಳು ಅಂಗೈಯನ್ನು ಮೂಸಿ ನೋಡಿದಳು.

"ಇದು ನಮ್ಮ ಜಗಲಿಗೆ ಬಳಿಯೋ ಕೆಮ್ಮಣ್ಣು ಕಣ್ರಪ್ಪೋ. ಅಂಗಾರೆ ರಕ್ತ ಯಾರ್ದು?"

ಅರುಳಪ್ಪನು ಕಳಚಿದ ಅಂಗಿಗೆ ಕೈ ಹಾಕಿದ. ಜ್ಞಾನಮ್ಮ ಮರದಿಂದ ಹಿಂಬದಿಯ ಹಾದಿಗೆ ತೊಟ್ಟಿಕ್ಕಿದ್ದ ಹನಿಗಳ ಜಾಡು ಹಿಡಿದು ಇಳಿದಳು. ಜನವೆಲ್ಲ ಅವಳ ಹಿಂದೆ ಇಳಿಯಿತು. ಬಂಡೆಯ ಮರೆಯಲ್ಲಿ ಒಂದು ಪಕ್ಕಕ್ಕೆ ಪಟೇಲನ ಛತ್ರಿ, ಇನ್ನೊಂದು ಪಕ್ಕಕ್ಕೆ ಹೆಗಲಿಗೆ ಚಿಂದಿ ಒತ್ತಿಕೊಂಡ ಇನ್ನಾಸಿ. ಅಷ್ಟು ಜನರನ್ನು ಕಂಡು, ತಾನೇ ಏನೋ ತಪ್ಪು ಮಾಡಿದವನಂತೆ ಅವನು ಎದ್ದು ನಿಂತ. ಅವಳು ಎಣ್ಣೆ ಹಚ್ಚಲು ಹೋದರೆ ಹಿಂದೆ ಸರಿದ.

"ನಂಗ್ಯಾಕವ್ವಾ? ಒಡೇರಿಗೆ ಹಚ್ಚಿ. ಮ್ಯಾಲಿನ್ ಏರು ಬಲು ಕಡಿದು, ಅವ್ರಿಗೆ ಅಭ್ಯಾಸಿಲ್ಲ."

ಅವನು ಅದನ್ನು ನಿಜವಾಗಿ ಮರುಗಿಯೇ ಹೇಳಿದನಂತೆ. ಜನ ನಗಲೂ ಆರದೆ, ಅಳಲೂ ಆರದೆ ನಿಂತರು. ನೆತ್ತಿಯಲ್ಲೇ ಉಳಿದಿದ್ದ ಅರುಳಪ್ಪನು ಅಂಗಿಯನ್ನು ಎದೆಗೆ ಅವುಚಿಕೊಂಡು ಮುಂಬದಿಯಿಂದ ಇಳಿದುಹೋದ. ಆಮೇಲೆ ಹೆಸರು ಸಾರುವ ಮಾತನ್ನು ಯಾರೂ ಎತ್ತಲಿಲ್ಲ. ನಾಚಿಕೆ ಎಂಬುದು ಆ ಮನುಷ್ಯನಿಗೆ ತಿಂಗಳೊಪ್ಪತ್ತಾದರೂ ಇತ್ತೋ ಇಲ್ಲವೋ. ಬಂಡೆಯ ಮೇಲೆ ತನ್ನ ಖರ್ಚಿನಲ್ಲಿ ಮಂಟಪ ಕಟ್ಟಿಸುತ್ತೇನೆಂದು ಸ್ವಾಮಿಗಳ ಬಳಿ ಬಂದನಂತೆ. ಅವರು ಛತ್ರಿಯನ್ನು ಅವನ ಕೈಗೆ ಕೊಟ್ಟು ಕಳುಹಿಸಿದರು ಎನ್ನುತ್ತಾರೆ.

ಇಂದಿಗೂ ಶಿಲುಬೆ ಹೊತ್ತವನು ಹೆಗಲು ಬಂಡೆಯ ಬಳಿ ನಿಲ್ಲುತ್ತಾನೆ, ಊರ ಹೆಂಗಸರು ಅವನ ಹೆಗಲಿಗೆ ಎಣ್ಣೆ ಹಚ್ಚುತ್ತಾರೆ. ಈಚೆಗೆ ಪಟ್ಟಣದ ದೊಡ್ಡ ಮನುಷ್ಯರೂ ಬರುತ್ತಿದ್ದಾರೆ. ಮುಂಬದಿಯಿಂದ ಹತ್ತಿ, ಬಂಡೆಯವರೆಗೆ ಇಳಿದು, ಹೊತ್ತು ಬಂದವನನ್ನು ಪಕ್ಕಕ್ಕೆ ಸರಿಸಿ, ಶಿಲುಬೆಗೆ ಹೆಗಲು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಳಕು ಇಲ್ಲೇ ಚೆನ್ನಾಗಿ ಬೀಳುತ್ತದಂತೆ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಎಣ್ಣೆಗೆಂದು ಹೆಗಲು ಚಾಚುತ್ತಾರೆ. ಹೆಂಗಸರು ಅದನ್ನೊಮ್ಮೆ ನೋಡಿ, ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನೆಲ್ಲ ಬಂಡೆಗೆ ಸುರಿಯುತ್ತಾರೆ.